ತೂಕಕ್ಕೆ ಸಿಗದ ಸರಕು

ಆಪಾಳ ಮದುವೆ ಗೊತ್ತಾದಾಗ ನಾನು ಐದನೆಯ ತರಗತಿಯಲ್ಲಿದ್ದೆ. ಜೇವರ್ಗಿಯಿಂದ ಗಂಡಿನವರು ಆಳಂದದ ನಮ್ಮ ಮನೆಗೆ ಬಂದಿದ್ದರು. ಜೋಡೆಯ ಹಣ, ಸೈಕಲ್ಲು ಎಲ್ಲ ಮಾತಾಗಿ, ಚಹಾ ಕುಡಿದು ಎದ್ದು ನಿಂತ ಮೇಲೆ ಅವರಲ್ಲೊಬ್ಬ ಹಿರಿಯರು ಅಬ್ಬಾರತ್ತ ತಿರುಗಿ, "ವಾಚು ಮಾತ್ರ ಎಚ್‌ಎಂಟಿ ಬೇಡ, ಟೈಟಾನ್ ಇರಲಿ" ಎಂದರು. ಅಬ್ಬಾ ಆಗಲೇ ಎಚ್‌ಎಂಟಿ ತಂದಿಟ್ಟಿದ್ದರು. ಅದೇನೂ ತಪ್ಪು ಸಮಯ ತೋರಿಸುತ್ತಿರಲಿಲ್ಲ. ಮನೆಗೆಂದು ಇಟ್ಟಿದ್ದ ಎರಡು ಚೀಲ ತೊಗರಿ ಮಾರಿ ಟೈಟಾನ್ ತಂದರು.

ಆ ಎರಡು ಚೀಲ ತೊಗರಿಗೆ ಅಬ್ಬಾ ಕೊಂಡದ್ದು ಏನನ್ನು? ಸಮಯವನ್ನಂತೂ ಅಲ್ಲ.

ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡಲು ತೊಡಗಿತು. 1984ರಲ್ಲಿ ಹುಟ್ಟಿದ ಟೈಟಾನ್ ಹೊಸೂರಿನಲ್ಲಿ ಕಾರ್ಖಾನೆ ಹಾಕಿತು. ಕ್ವಾರ್ಟ್ಜ್ ತಂತ್ರಜ್ಞಾನ ಇಬ್ಬರಿಗೂ ಗೊತ್ತಿತ್ತು. ಆದರೆ ಗಡಿಯಾರ ಕೈಯ ಮೇಲಿನ ಒಡವೆಯೂ ಹೌದೆಂಬುದನ್ನು ಟೈಟಾನ್ ಮೊದಲು ತಿಳಿದುಕೊಂಡಿತು. 2016ರ ಜನವರಿಯಲ್ಲಿ ಕೇಂದ್ರ ಸರಕಾರ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಟೈಟಾನ್, ಹಗುರ ಆಭರಣಗಳನ್ನು ಇಂಟರ್‌ನೆಟ್‌ನಲ್ಲಿ ಮಾರುತ್ತಿದ್ದ ಕ್ಯಾರೆಟ್‌ಲೇನ್ ಎಂಬ ಕಂಪನಿಯ ಶೇ. 62ರಷ್ಟು ಪಾಲನ್ನು ಸುಮಾರು 357 ಕೋಟಿ ರೂಪಾಯಿಗೆ ಕೊಂಡಿತು. 2023ರಲ್ಲಿ ಮತ್ತೆ ಶೇ. 27ರಷ್ಟು ಪಾಲಿಗೆ ಅದು ಕೊಡಲೊಪ್ಪಿದ್ದು 4,621 ಕೋಟಿ. ವ್ಯಾಪಾರ ಬೆಳೆದಿತ್ತು, ನಿಜ. ಆದರೂ ಈ ಲೆಕ್ಕ ಓದಿದಾಗ ನನಗೆ ಅಬ್ಬಾರ ತೊಗರಿ ಚೀಲಗಳು ನೆನಪಾದವು.

ಟೈಟಾನ್‌ಗೆ ಒಡವೆ ಮಾಡಲು ಬರುತ್ತಿರಲಿಲ್ಲವೇ? ತೊಂಬತ್ತರ ದಶಕದಿಂದಲೇ ಅದರದೇ ತನಿಷ್ಕ್ ಇತ್ತು. ಅಮೆರಿಕದಲ್ಲಿ ಆ್ಯಪಲ್ ಕೂಡ ಹೀಗೆಯೇ ಮಾಡಿತು. ಇಯರ್‌ಫೋನನ್ನು ಸ್ವತಃ ಮಾಡುತ್ತಿದ್ದ ಕಂಪನಿ ಅದು. 2014ರಲ್ಲಿ 300 ಕೋಟಿ ಡಾಲರ್‌ಗೆ ಬೀಟ್ಸ್ ಕಂಪನಿಯನ್ನು ಕೊಂಡಿತು. ಬೀಟ್ಸ್ ನಡೆಸುತ್ತಿದ್ದ ಸಂಗೀತ ಸೇವೆಯೂ ಅದನ್ನು ಕಟ್ಟಿದ ಜನರೂ ಬೇಕಾಗಿದ್ದರು ಎಂಬುದು ಒಂದು ಕಾರಣ. ಆದರೆ ಹುಡುಗರು ಹಾಡು ಕೇಳದಾಗಲೂ ಆ ಹೆಡ್‌ಫೋನನ್ನು ಕೊರಳಿಗೆ ಹಾಕಿಕೊಂಡು ತಿರುಗುತ್ತಿದ್ದರಲ್ಲ, ಅದನ್ನು ಯಾವ ಎಂಜಿನಿಯರ್ ಮಾಡಿಕೊಟ್ಟಾನು? ಕೊಂಡ ಮೇಲೂ ಆ್ಯಪಲ್ ಬೀಟ್ಸ್ ಹೆಸರನ್ನು ಅಳಿಸಲಿಲ್ಲ, ಟೈಟಾನ್ ಕ್ಯಾರೆಟ್‌ಲೇನ್ ಹೆಸರನ್ನು ಅಳಿಸಲಿಲ್ಲ. ಕಸುಬಷ್ಟೇ ಬೇಕಿದ್ದರೆ ತಮ್ಮ ಹೆಸರು ಹಚ್ಚುತ್ತಿದ್ದರು. ಮದುವೆಯ ಒಡವೆಗೆಂದು ತಾಯಿ ತಂದೆ ನಂಬುವ ಹೆಸರು, ದಿನಾ ಕೆಲಸಕ್ಕೆ ಹೋಗುವ ಮಗಳನ್ನು ಸೆಳೆಯದು. ಅವಳ ಮನಸ್ಸಿನಲ್ಲಿ ಬೇರೆ ಯಾರೋ ಹುಟ್ಟಿಸಿದ ಆಸೆಯನ್ನು ದುಡ್ಡು ಕೊಟ್ಟೇ ತರಬೇಕು.

ಹಾಗಾದರೆ ಮಾರಾಟವಾಗುತ್ತಿರುವುದು ನಮ್ಮದೇ ಆಸೆ. ಅದನ್ನು ನಮಗೇ ಮಾರುವುದು ನ್ಯಾಯವೇ? ಅಲ್ಲ ಎಂದೇ ನಾನು ಬಹಳ ಕಾಲ ಹೇಳುತ್ತ ಬಂದೆ. ನಮ್ಮ ಕಡೆ ಬಂಗಾರ ಕೊಳ್ಳುವುದು ತೊಲದ ಲೆಕ್ಕದಲ್ಲಿ. ಮುಂಗಾರಿಗೆ ಬೀಜ ಗೊಬ್ಬರಕ್ಕೆಂದು ಅಡ ಇಡುವುದು, ತೊಗರಿ ರಾಶಿಯಾದ ಮೇಲೆ ಬಿಡಿಸಿಕೊಳ್ಳುವುದು. ಅಲ್ಲಿ ತೂಕವಿದೆ, ಆಸೆಗೆ ತೂಕವೆಲ್ಲಿ ಎನ್ನುತ್ತಿದ್ದೆ.

ಹೋದ ರಂಜಾನ್‌ನಲ್ಲಿ ಆಪಾಳ ಮನೆಗೆ ಹೋಗಿದ್ದೆ. ಅವಳ ಮಗಳು ಕಲಬುರಗಿಯಲ್ಲಿ ನರ್ಸ್. ತನ್ನ ಸಂಬಳದಲ್ಲಿ ಫೋನಿನಲ್ಲೇ ತರಿಸಿದ ಕಿವಿಯ ಬೊಟ್ಟುಗಳನ್ನು ತೋರಿಸಿದಳು. ಹಿಡಿದರೆ ಇದೆಯೋ ಇಲ್ಲವೋ ಎನ್ನುವಷ್ಟು ಹಗುರ, ನಡುವೆ ಚಿಕ್ಕ ಕಲ್ಲು. ನಾನು ಮೇಷ್ಟ್ರ ಬುದ್ಧಿ ಬಿಡಲಿಲ್ಲ. "ಅಫಜಲಪುರದಲ್ಲಿ ನಮ್ಮ ಶಾಲೆಯ ಪಕ್ಕ ಸರಾಫರಿದ್ದಾರೆ. ಅವರ ಹತ್ತಿರ ಒಯ್ದರೆ ಕಲ್ಲಿನ ತೂಕ ಕಳೆದು ಏನು ಕೊಟ್ಟಾರಮ್ಮ?" ಎಂದೆ.

"ಅಡ ಇಡಲಿಕ್ಕಂತ ತಗೊಂಡಿದ್ದಲ್ಲ ಮಾಮು" ಎಂದಳು.

ನಾನು ಸುಮ್ಮನಾದೆ. ಆಪಾಳ ಮದುವೆಯ ಬಳೆಗಳು ಎರಡು ಸಲ ಅಡಕ್ಕೆ ಹೋಗಿ ಬಂದು, ಮೂರನೆಯ ಸಲ ಬರಲೇ ಇಲ್ಲ. ತೂಕವಿದ್ದ ಒಡವೆಯನ್ನು ಅವಳು ತೊಟ್ಟದ್ದಕ್ಕಿಂತ ಪೆಟ್ಟಿಗೆಯಲ್ಲಿಟ್ಟು ಕಾದದ್ದೇ ಹೆಚ್ಚು. ಆ ಟೈಟಾನ್ ಎಂದೋ ನಿಂತುಹೋಗಿದೆ. ಅದನ್ನು ಕೇಳಿದವರು ಬೇರೆ, ಬೆಲೆ ತೆತ್ತವರು ಬೇರೆ. ಈ ಹುಡುಗಿ ತನಗೆ ಬೇಕೆನಿಸಿದ್ದನ್ನು ತಾನೇ ದುಡಿದು ತಂದಿದ್ದಾಳೆ. ಆ ಬೇಕು ಎಂಬುದನ್ನು ಯಾರೋ ಅವಳಲ್ಲಿ ಬಿತ್ತಿರಬಹುದು. ಆದರೂ ಎರಡೂ ಒಂದೇ ಎನ್ನಲು ನನಗೆ ಬಾಯಿ ಬರಲಿಲ್ಲ.

ಅಷ್ಟರಲ್ಲಿ ಆಪಾ ಅಡುಗೆಮನೆಯಿಂದ ಬಂದು, ಕೈ ಒರೆಸಿಕೊಂಡು, ಒಂದು ಬೊಟ್ಟನ್ನು ಎತ್ತಿಕೊಂಡಳು. ಅಂಗೈಯಲ್ಲಿ ಎರಡು ಸಲ ತೂಗಿ ನೋಡಿದಳು. ಆಮೇಲೆ ಗೋಡೆಯ ಕನ್ನಡಿಯ ಹತ್ತಿರ ಹೋಗಿ, ಸೆರಗು ಸರಿಸಿ, ತನ್ನ ಕಿವಿಗೆ ಹಿಡಿದು ನೋಡಿಕೊಂಡಳು.