ದಿಗ್ವ್ರತದ ಮೇರೆ ಯಾರಿಗೆ?

ಶ್ರಾವಕನೊಬ್ಬನು ಕೈಗೊಂಡ ವ್ರತವು ಅವನೊಬ್ಬನನ್ನೇ ಬಂಧಿಸುತ್ತದೆಯೋ, ಅವನ ಮನೆಯವರನ್ನೂ ಬಂಧಿಸುತ್ತದೆಯೋ? ಈ ಪ್ರಶ್ನೆ ಯಾವುದೇ ಸ್ವಾಧ್ಯಾಯಸಭೆಯಲ್ಲಿ ಎದ್ದುದಲ್ಲ. ಕಾರ್ಗಲ್ಲಿನ ನಮ್ಮ ಮನೆಯಲ್ಲಿ, ಸೂರ್ಯಾಸ್ತಕ್ಕೆ ಮೊದಲಿನ ಊಟದ ಹೊತ್ತಿನಲ್ಲಿ, ನನ್ನ ಧರ್ಮಪತ್ನಿಗೆ ಅರವತ್ತು ತುಂಬುವುದನ್ನು ಹೇಗೆ ಆಚರಿಸಬೇಕೆಂಬ ಮಾತಿನ ನಡುವೆ ಎದ್ದುದು. ಉತ್ತರ ಸುಲಭವೆಂದು ನಾನು ಮೊದಲು ಭಾವಿಸಿದ್ದೆ. ಹಾಗಿರಲಿಲ್ಲವಾದ್ದರಿಂದ ಈ ಲೇಖನ.

ಮಕ್ಕಳಿಬ್ಬರೂ ಸೇರಿ ಒಂದು ಯೋಜನೆ ಮಾಡಿದ್ದರು. ಮುಂಬಯಿಯಿಂದ ಹೊರಟು ಗೋವಾ, ಲಕ್ಷದ್ವೀಪಗಳ ಕಡೆ ಹೋಗಿಬರುವ ವಿಹಾರದ ಹಡಗಿನಲ್ಲಿ ಕೆಲವು ರಾತ್ರಿಗಳ ಪ್ರಯಾಣ. ಕಾರ್ಡೇಲಿಯಾ ಎಂಬ ಸಂಸ್ಥೆ 2021ರಲ್ಲಿ ಆರಂಭಿಸಿದ ಈ ಯಾನದ ಹಡಗಿಗೆ ಎಂಪ್ರೆಸ್ ಎಂದು ಹೆಸರು. 1990ರಲ್ಲಿ ಫ್ರಾನ್ಸಿನಲ್ಲಿ ನಿರ್ಮಾಣವಾದ, 211 ಮೀಟರು ಉದ್ದದ ಹಡಗು. ಜೈನ ಆಹಾರವೂ ದೊರೆಯುತ್ತದೆಯೆಂದು ಮಗಳು ಮೊದಲೇ ವಿಚಾರಿಸಿಟ್ಟಿದ್ದಳು. ನನ್ನ ಮೊದಲ ಆಕ್ಷೇಪಣೆ ಅದೇ ಆಗಿರುತ್ತದೆಂದು ಅವಳಿಗೆ ಗೊತ್ತು. ನನ್ನ ಮನಸ್ಸಿನಲ್ಲಿದ್ದುದು ಬೇರೆ. ಹೊಂಬುಜದಲ್ಲಿ ಪದ್ಮಾವತಿ ಅಮ್ಮನವರ ದರ್ಶನ ಮಾಡಿ ಘಟ್ಟವಿಳಿದು ವರಂಗ, ಕಾರ್ಕಳ, ಮೂಡುಬಿದಿರೆ, ವೇಣೂರುಗಳನ್ನು ಕಂಡು, ಶ್ರವಣಬೆಳಗೊಳದಲ್ಲಿ ಮುಗಿಸುವ ಯಾತ್ರೆ. ನೀರೇ ಬೇಕೆಂದರೆ ವರಂಗದ ಕೆರೆ ಬಸದಿಗೆ ದೋಣಿಯಲ್ಲಿ ತಾನೆ ಹೋಗಬೇಕು ಎಂದು ನಾನು ಹೇಳಿದಾಗ ಎಲ್ಲರೂ ನಕ್ಕರು. ನನ್ನಾಕೆ ಮಾತ್ರ ನಗಲಿಲ್ಲ.

ಹುಟ್ಟುಹಬ್ಬವನ್ನು ಆಚರಿಸಬಹುದೇ ಎಂಬ ಪ್ರಶ್ನೆಯನ್ನು ಇಲ್ಲಿ ಎತ್ತುವುದಿಲ್ಲ. ಆಯುಃಕರ್ಮವು ಕ್ಷಣಕ್ಷಣಕ್ಕೂ ಸವೆಯುತ್ತಿರುವಾಗ ಅರವತ್ತು ವರ್ಷವೆಂಬುದು ಜಮೆಯೋ ಖರ್ಚೋ ಎಂದು ವಾದಿಸುತ್ತ ಕೂರಬಹುದು. ಆದರೆ ಮನೆಯಲ್ಲಿ ಮೂವತ್ತೇಳು ವರ್ಷ ಎಲ್ಲರಿಗೂ ಬಡಿಸಿ ಕೊನೆಗೆ ಉಂಡವಳಿಗೆ ಒಂದು ದಿನವನ್ನು ಮೀಸಲಿಡುವುದಕ್ಕೆ ಶಾಸ್ತ್ರಾಧಾರ ಹುಡುಕುವ ಅಗತ್ಯ ನನಗೆ ಕಾಣಲಿಲ್ಲ.

ತೊಡಕು ಇದ್ದುದು ನನ್ನ ದಿಗ್ವ್ರತದಲ್ಲಿ. ಇಪ್ಪತ್ತೆರಡು ವರ್ಷಗಳ ಹಿಂದೆ ಹೊಂಬುಜದಲ್ಲಿ ಪೂಜ್ಯ ಮುನಿಗಳೊಬ್ಬರ ಸಮ್ಮುಖದಲ್ಲಿ ದಿಕ್ಕುಗಳ ಪರಿಮಾಣವನ್ನು ಮಾಡಿಕೊಂಡಿದ್ದೇನೆ. ಉತ್ತರಕ್ಕೆ ಸಮ್ಮೇದಶಿಖರ, ದಕ್ಷಿಣಕ್ಕೆ ಕನ್ಯಾಕುಮಾರಿ, ಪೂರ್ವ ಪಶ್ಚಿಮಗಳಿಗೆ ಸಮುದ್ರತೀರ. ಊರ್ಧ್ವದಿಕ್ಕಿಗೆ ಕಾಲ್ನಡಿಗೆಯಲ್ಲೋ ಡೋಲಿಯಲ್ಲೋ ಏರಬಹುದಾದ ಬೆಟ್ಟದ ಶಿಖರವೇ ಮೇರೆ. ಆದ್ದರಿಂದ ವಿಮಾನವೂ ನನಗಿಲ್ಲ. ಈ ವ್ರತದ ಫಲವನ್ನು ಆಚಾರ್ಯರು ಹೇಳಿರುವ ರೀತಿ ನನಗೆ ಬಹಳ ಪ್ರಿಯವಾದುದು. ಮೇರೆಯ ಆಚೆ ಶ್ರಾವಕನಿಂದ ಸೂಕ್ಷ್ಮಪಾಪವೂ ನಡೆಯುವ ಸಂಭವವಿಲ್ಲವಾದ್ದರಿಂದ, ಅಷ್ಟು ಕ್ಷೇತ್ರದ ಮಟ್ಟಿಗೆ ಅವನ ಅಣುವ್ರತಗಳು ಮಹಾವ್ರತಕ್ಕೆ ಸಮಾನವಾಗುತ್ತವೆ. ಅಂಗಡಿಯಲ್ಲಿ ಕುಳಿತು ಅಡಕೆಯ ಧಾರಣೆ ಕೇಳುವ ನನ್ನಂಥವನೂ ಆ ಪಶ್ಚಿಮ ಸಮುದ್ರದ ಜೀವಕೋಟಿಗೆ ಅಭಯ ಕೊಟ್ಟವನು ಎಂದರೆ ಸಾಮಾನ್ಯ ಮಾತೇ!

ಮಗ ಲೆಕ್ಕಪತ್ರದ ವೃತ್ತಿಯವನು. ಅವನೊಂದು ಪರಿಹಾರ ಸೂಚಿಸಿದ. “ಅಪ್ಪಾಜಿ, ಪೂರ್ವದಲ್ಲಿ ನೀವು ಸಮುದ್ರದವರೆಗೆ ಎಂದೂ ಹೋಗಿಲ್ಲ. ಅಲ್ಲಿ ಇನ್ನೂರು ಮೈಲಿ ಕಡಿಮೆ ಮಾಡಿ ಪಶ್ಚಿಮಕ್ಕೆ ಸೇರಿಸಿದರಾಯಿತಲ್ಲ.” ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಿಗ್ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಮೇಲೆ, ಕೆಳಗೆ, ಅಡ್ಡಕ್ಕೆ ಮೇರೆ ಮೀರುವುದು ಮೂರು, ಕ್ಷೇತ್ರವೃದ್ಧಿ ನಾಲ್ಕನೆಯದು, ಹಾಕಿಕೊಂಡ ಮೇರೆಯನ್ನು ಮರೆಯುವುದು ಐದನೆಯದು. ಒಂದು ದಿಕ್ಕಿನದನ್ನು ಕಳೆದು ಇನ್ನೊಂದಕ್ಕೆ ಕೂಡಿಸುವ ಈ ಹೊಂದಾಣಿಕೆಯೇ ಕ್ಷೇತ್ರವೃದ್ಧಿಯೆಂದು ವ್ಯಾಖ್ಯಾನಗಳಲ್ಲಿ ಅರ್ಥ ಹೇಳಿರುವುದುಂಟು. ನನ್ನ ಮಗ ಓದದೆಯೇ ಅತಿಚಾರವನ್ನು ಕಂಡುಹಿಡಿದಿದ್ದ. ಲೋಭವು ಯಾವ ಯಾವ ದಾರಿಯಲ್ಲಿ ಬರುತ್ತದೆಂದು ಪ್ರಾಚೀನರಿಗೆ ನಮ್ಮ ಲೆಕ್ಕಪರಿಶೋಧಕರಿಗಿಂತ ಚೆನ್ನಾಗಿ ತಿಳಿದಿತ್ತು.

ನಾನು ಹಡಗು ಹತ್ತುವಂತಿಲ್ಲ, ಅದು ನಿಶ್ಚಯ. ಅಲ್ಲಿಗೆ ಚರ್ಚೆ ಮುಗಿಯಿತೆಂದು ಎಲ್ಲರೂ ಸುಮ್ಮನಾದರು. ಯಜಮಾನರ ವ್ರತವೆಂದ ಮೇಲೆ ಜೈನರ ಮನೆಯಲ್ಲಿ ಎರಡನೆಯ ಮಾತಿಲ್ಲ. ಆ ರಾತ್ರಿ ನನ್ನಾಕೆ ಹೇಳಿದ ಒಂದು ಮಾತು ಮಾತ್ರ ನನ್ನ ನಿದ್ದೆಯನ್ನು ಕೆಡಿಸಿತು. “ನೀವು ವ್ರತ ತೆಗೆದುಕೊಂಡ ದಿನ ನಾನೂ ಪಕ್ಕದಲ್ಲೇ ಕೂತಿದ್ದೆ. ಸ್ವಾಮಿಗಳು ನಿಮ್ಮನ್ನು ಕೇಳಿದರು, ನನ್ನನ್ನು ಕೇಳಲಿಲ್ಲ.”

ಇದರ ಹಿನ್ನೆಲೆಯನ್ನು ಹೇಳಬೇಕು. ಅವಳ ತವರು ಶರಾವತಿ ಹಿನ್ನೀರಿನ ಆಚೆಯ ಕರೂರು ಸೀಮೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾಗಿ ನೀರು ನಿಂತಾಗ ಅವಳಿನ್ನೂ ಹುಟ್ಟಿರಲಿಲ್ಲ. ಆದರೆ ಮುಳುಗಿದ ತೋಟದ ಒಂದೊಂದು ಅಗಳವನ್ನೂ ಹೆಸರು ಹಿಡಿದು ಹೇಳುವ ಅಜ್ಜಿಯ ಮಡಿಲಲ್ಲಿ ಬೆಳೆದವಳು. ಸಾಗರಕ್ಕೆ ಬರಬೇಕಾದರೂ ಹೊಳೆಬಾಗಿಲಿನ ಲಾಂಚಿಗೆ ಕಾಯಬೇಕು. ಬಾಣಂತಿಯರು, ರೋಗಿಗಳು, ಮದುವೆ ದಿಬ್ಬಣ, ಅಡಕೆ ಮೂಟೆ ಎಲ್ಲವೂ ಅದರಲ್ಲೇ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದಾಗ ಆ ಕಡೆಯ ಜನ ಕಣ್ಣೀರು ಹಾಕಿದ್ದನ್ನು ನಾನು ನೋಡಿದ್ದೇನೆ. “ಹುಟ್ಟಿದಾಗಿನಿಂದ ನೀರು ದಾಟಿದ್ದೇನೆ. ಯಾವಾಗ ನೋಡಿದರೂ ಆಚೆ ದಡ ಕಾಣುತ್ತಿತ್ತು. ದಡವೇ ಕಾಣದ ನೀರಿನ ಮಧ್ಯೆ ಒಮ್ಮೆ ನಿಲ್ಲಬೇಕು ಎಂದು ಆಸೆ” ಎಂದಳು. ಇಷ್ಟು ವರ್ಷದಲ್ಲಿ ಈ ಆಸೆಯನ್ನು ಅವಳು ಹೇಳಿದ್ದು ಅದೇ ಮೊದಲು. ಕೇಳಿದ್ದು ನಾನೂ ಅದೇ ಮೊದಲು ಎನ್ನುವುದು ಇನ್ನೂ ಸರಿ.

ನಮ್ಮ ಊರಿನವರು ದಿನವೂ ನೋಡುವ ಅಣೆಕಟ್ಟನ್ನೇ ನೋಡಿ. ಅದು ನೀರಿಗೆ ಹಾಕಿದ ಮೇರೆ. 1819 ಅಡಿಯವರೆಗೆ ನೀರನ್ನು ಅದು ಹಿಡಿದು ನಿಲ್ಲಿಸುತ್ತದೆ, ನಾಡಿಗೆ ಬೆಳಕಾಯಿತು, ಎಲ್ಲರೂ ಹೊಗಳಿದರು. ಆದರೆ ಆ ಮೇರೆಯ ಭಾರ ಬಿದ್ದುದು ಹಿಂದಿನ ಊರುಗಳ ಮೇಲೆ. ವ್ರತಕ್ಕೂ ಹೀಗೊಂದು ಹಿನ್ನೀರು ಇರಬಹುದೆಂದು ನನಗೆ ಹೊಳೆದಿರಲಿಲ್ಲ. ಸಮುದ್ರವನ್ನು ಬಿಟ್ಟುದರಿಂದ ನಾನು ಕಳೆದುಕೊಂಡುದೇನು? ಮುಪ್ಪಾನೆಯ ಲಾಂಚಿನಲ್ಲಿ ಕುಳಿತರೇ ತಲೆ ತಿರುಗುವವನು ನಾನು. ವಾಣಿಜ್ಯ ಓದಿದವನ ಭಾಷೆಯಲ್ಲಿ ಹೇಳುವುದಾದರೆ, ವ್ರತದ ಜಮೆ ನನ್ನ ಖಾತೆಗೆ ಬಿದ್ದಿದೆ, ಖರ್ಚು ಅವಳ ಖಾತೆಗೆ. ಇಂಥ ಲೆಕ್ಕವನ್ನು ಯಾವ ಪರಿಶೋಧಕನೂ ಒಪ್ಪುವುದಿಲ್ಲ.

ಹಾಗೆಂದು ಹಡಗಿನ ಯಾನ ನಿರ್ದೋಷವೆಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ಅದರ ದೋಷಗಳನ್ನು ಮುಚ್ಚಿಡದೆ ಹೇಳಿದೆ. ಕಾರು ನಿಂತರೆ ಅದರ ಇಂಜಿನೂ ನಿಲ್ಲುತ್ತದೆ. ವಿಹಾರದ ಹಡಗಿನಲ್ಲಿ ದೀಪ, ತಂಪುಗಾಳಿ, ಅಡುಗೆ ಎಲ್ಲಕ್ಕೂ ಯಂತ್ರಗಳು ಹಗಲೂ ರಾತ್ರಿ ಉರಿಯುತ್ತಲೇ ಇರಬೇಕು. ಹಡಗಿನ ಇಂಧನದಲ್ಲಿ ಗಂಧಕದ ಅಂಶ ಶೇಕಡಾ 3.5ರವರೆಗೆ ಇರಬಹುದೆಂದಿದ್ದ ಅಂತಾರಾಷ್ಟ್ರೀಯ ಮಿತಿಯನ್ನು 2020ರ ಜನವರಿಯಿಂದ 0.5ಕ್ಕೆ ಇಳಿಸಿದ್ದಾರೆ, ಅಲ್ಲಿಯವರೆಗೆ ಏನನ್ನು ಸುಡುತ್ತಿದ್ದರೆಂದು ಇದರಿಂದಲೇ ಊಹಿಸಬಹುದು. ತೀರದಿಂದ ಹನ್ನೆರಡು ನಾವಿಕ ಮೈಲಿ ದಾಟಿದರೆ ಸಾಮಾನ್ಯವಾಗಿ ಉಳಿದ ಆಹಾರವನ್ನು ಸಮುದ್ರಕ್ಕೆ ಚೆಲ್ಲಲು ನಿಯಮವೇ ಅವಕಾಶ ಕೊಡುತ್ತದೆ. ಜೂಜಿನ ಮೇಜು, ಪಾನಗೃಹಗಳ ವಿಚಾರ ಬೇರೆಯಾಗಿ ಹೇಳಬೇಕಾಗಿಲ್ಲ.

ಇವುಗಳಲ್ಲಿ ಒಂದು ಸಂಗತಿ ಮಾತ್ರ ನನ್ನನ್ನು ಬಹುಕಾಲ ಹಿಡಿದಿಟ್ಟಿತು. ಹಡಗುಗಳು ಸಮತೋಲನಕ್ಕಾಗಿ ಒಂದು ಬಂದರಿನಲ್ಲಿ ನೀರು ತುಂಬಿಕೊಂಡು ಇನ್ನೊಂದರಲ್ಲಿ ಬಿಡುತ್ತವೆ. ಆ ನೀರಿನೊಡನೆ ಒಂದು ಸಮುದ್ರದ ಸೂಕ್ಷ್ಮಜೀವಿಗಳು ಮತ್ತೊಂದಕ್ಕೆ ಹೋಗಿ ಅಲ್ಲಿಯ ಜೀವಿಗಳಿಗೆ ಮೃತ್ಯುವಾಗುವುದನ್ನು ಕಂಡು, ಇದನ್ನು ತಡೆಯಲು ರಾಷ್ಟ್ರಗಳು 2004ರಲ್ಲಿ ಒಪ್ಪಂದ ಮಾಡಿಕೊಂಡವು. ಅದು ಜಾರಿಗೆ ಬಂದುದು 2017ರ ಸೆಪ್ಟೆಂಬರಿನಲ್ಲಿ. ನಮ್ಮ ಅಜ್ಜಿಯಂದಿರು ಬಾವಿಯ ನೀರನ್ನು ಇಮ್ಮಡಿ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ನಿಧಾನವಾಗಿ ಇಳಿಸುತ್ತಿದ್ದರು. ಬೇರೆ ಬಾವಿಗೆ ಬಿಟ್ಟರೆ ಅವು ಸಾಯುತ್ತವೆ, ಅಲ್ಲಿರುವವೂ ಸಾಯುತ್ತವೆ ಎಂದು ಗದರುತ್ತಿದ್ದರು. ಆಗ ನಾವು ಹುಡುಗರು ನಗುತ್ತಿದ್ದೆವು.

ಇಷ್ಟು ಹೇಳಿದ ಮೇಲೆ ನೆಲದ ಯಾತ್ರೆಯ ಲೆಕ್ಕವನ್ನೂ ಬರೆಯಬೇಕಾಗುತ್ತದೆ. ಎರಡು ಕಾರುಗಳಲ್ಲಿ ಏಳು ದಿನ. ಮುಸ್ಸಂಜೆಯ ಘಟ್ಟದ ರಸ್ತೆಯಲ್ಲಿ ದೀಪಕ್ಕೆ ಮುಗಿಬಿದ್ದು ಗಾಜಿಗೆ ಅಂಟುವ ಹುಳುಗಳು. ವಸತಿಗೃಹದ ಸ್ನಾನಕ್ಕೆ ಸೋಸದ ನೀರು. ಕ್ಷೇತ್ರದ ಹೆಸರಿನಲ್ಲಿ ಹೊರಟವರು ದರ್ಶನಕ್ಕೆ ಅರ್ಧ ಗಂಟೆ, ಊಟ ಫೋಟೋಗಳಿಗೆ ಅರ್ಧ ದಿನ ಕೊಡುವುದನ್ನು ನಾನು ಎಷ್ಟು ಸಲ ಕಂಡಿಲ್ಲ! ಸಮುದ್ರವೆಂದರೆ ಭೋಗ, ನೆಲವೆಂದರೆ ಧರ್ಮ ಎಂಬ ವಿಭಾಗ ನಮ್ಮ ಪರಂಪರೆಯಲ್ಲೂ ಇಲ್ಲ. 783ರಲ್ಲಿ ಪೂರ್ಣಗೊಂಡ ಜಿನಸೇನಾಚಾರ್ಯರ ಹರಿವಂಶಪುರಾಣದಲ್ಲಿ ಚಾರುದತ್ತನು ಸಮುದ್ರಯಾನ ಮಾಡುತ್ತಾನೆ. ನಮ್ಮ ಘಟ್ಟದ ಕೆಳಗಿನ ಗೇರುಸೊಪ್ಪೆಯನ್ನು ಆಳಿದ ಜೈನ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿಯೆಂದು ಕರೆದರು. ಆ ಮೆಣಸು ಶರಾವತಿಯಲ್ಲಿ ಇಳಿದು ಸಮುದ್ರವನ್ನೇ ತಾನೆ ಸೇರುತ್ತಿದ್ದುದು? ನಗರಬಸ್ತಿಕೇರಿಯ ಚತುರ್ಮುಖ ಬಸದಿಯ ಕಲ್ಲುಗಳ ಹಿಂದೆ ಹಡಗಿನ ಹಣವಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

ಆದರೆ ಅವರದು ವ್ಯಾಪಾರ, ಇದು ವಿನೋದ ಎನ್ನಬಹುದು. ಈ ಆಕ್ಷೇಪಣೆಗೆ ಬಲವಿದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಒಂದು ಬಗೆಯಾದ ಪ್ರಮಾದಚರ್ಯೆಯನ್ನು ವಿವರಿಸುವಾಗ, ನಿಷ್ಫಲವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದರ ಜೊತೆಗೆ ಸುಮ್ಮನೆ ತಿರುಗುವುದನ್ನೂ ಇತರರನ್ನು ತಿರುಗಿಸುವುದನ್ನೂ ಸೇರಿಸಿದ್ದಾರೆ. ಕಾರಿತಕ್ಕೂ ಅನುಮೋದನೆಗೂ ಪಾಪವಿದೆಯೆಂಬುದು ನಮ್ಮ ಸಿದ್ಧಾಂತ. ನಾನು ಹೋಗದೆ, ಹಣ ಕೊಟ್ಟು ಅವಳನ್ನು ಕಳುಹಿಸಿದರೆ ಮೇರೆಯಾಚೆಗೆ ನನ್ನ ಕೈ ಚಾಚಿದಂತೆಯೇ. ದೇಶವ್ರತದ ಅತಿಚಾರಗಳಲ್ಲಿ ಪ್ರೇಷ್ಯಪ್ರಯೋಗವೆಂದು ಒಂದನ್ನು ಹೇಳಿರುವುದೂ ಇದನ್ನೇ: ತಾನು ಹೋಗಲಾರದ ಕಡೆಗೆ ಆಳನ್ನು ಅಟ್ಟುವುದು.

ಈ ಶಬ್ದದ ಮುಂದೆ ನಾನು ಎರಡು ದಿನ ನಿಂತಿದ್ದೆ. ಪ್ರೇಷ್ಯನೆಂದರೆ ಕಳುಹಿಸಲ್ಪಡುವವನು, ಅವನ ಹೋಗುವಿಕೆಯಲ್ಲಿ ಅವನ ಇಚ್ಛೆಯಿಲ್ಲ, ಕಳುಹಿಸಿದವನ ಪ್ರಯೋಜನವಿದೆ. ನನ್ನಾಕೆ ಪ್ರೇಷ್ಯಳೇ? ಅವಳು ನನ್ನ ಕೆಲಸಕ್ಕಾಗಿ ಹೋಗುತ್ತಿಲ್ಲ. ಅವಳನ್ನು ನಾನು ಕಳುಹಿಸುವುದೂ ಇಲ್ಲ, ತಡೆಯುವುದೂ ಇಲ್ಲ ಎಂದಾದರೆ ಮಾತ್ರ ಅವಳು ಸ್ವತಂತ್ರ ಶ್ರಾವಿಕೆ. ತಡೆಯುವ ಅಧಿಕಾರ ನನಗಿದೆಯೆಂದು ಭಾವಿಸಿದ ಕ್ಷಣದಲ್ಲೇ ಅವಳನ್ನು ನನ್ನ ಪರಿಗ್ರಹದ ಪಟ್ಟಿಗೆ, ಹೊಲ ಮನೆ ದನಕರುಗಳ ಸಾಲಿಗೆ ಸೇರಿಸಿದಂತಾಯಿತು. ದಿಕ್ಕುಗಳಲ್ಲಿ ಮಿತಿ ಹಾಕಿಕೊಂಡವನು ಮನೆಯೊಳಗೆ ಮಮತ್ವವನ್ನು ಬೆಳೆಸಿಕೊಂಡಿದ್ದೆ. ಇನ್ನು ‘ನಿಷ್ಫಲ’ವೆಂಬ ಮಾತು. ದಡ ಕಾಣದ ನೀರನ್ನು ನೋಡುವುದರಲ್ಲಿ ಅವಳಿಗೆ ಫಲವಿದೆಯೇ ಇಲ್ಲವೇ ಎಂದು ಅಳೆಯುವ ತಕ್ಕಡಿ ನನ್ನ ಅಂಗಡಿಯಲ್ಲಿಲ್ಲ.

ಹಣದ ತೊಡಕನ್ನು ಅವಳೇ ಬಿಡಿಸಿದಳು. ತವರಿನಿಂದ ಬಂದ ಅವಳ ಪಾಲಿನ ಠೇವಣಿಯೊಂದಿದೆ. ಮಕ್ಕಳ ಹಣವೂ ಬೇಡ, ನಿಮ್ಮದೂ ಬೇಡ ಎಂದಳು. ಅಲ್ಲಿಗೆ ಕಾರಿತದ ದೋಷ ನನಗಿಲ್ಲವೆಂದು ಪಂಡಿತರು ಹೇಳಿಯಾರು. ಅನುಮೋದನೆಯ ವಿಷಯದಲ್ಲಿ ನಾನು ಅಷ್ಟು ನಿಶ್ಚಿಂತನಲ್ಲ. ಅವಳು ಸಂತೋಷದಿಂದ ಹಿಂದಿರುಗಿ ಕಥೆ ಹೇಳುವಾಗ ಅದನ್ನು ಸಂತೋಷದಿಂದಲೇ ಕೇಳುತ್ತೇನೆ. ಆ ಸಂತೋಷದಲ್ಲಿ ಹಡಗಿನ ಹೊಗೆಯ ಪಾಲೂ ಸ್ವಲ್ಪ ಇದ್ದೇ ಇರುತ್ತದೆ. ಅದನ್ನು ಪ್ರತಿಕ್ರಮಣದಲ್ಲಿ ನೆನೆಯಬೇಕು. ಅವಳ ಮುಂದೆ ಮುಖ ಸಣ್ಣದು ಮಾಡಿ ತೀರಿಸಬಾರದು. ಮಗಳು ಹಡಗಿನಿಂದ ಮೊಬೈಲಿನಲ್ಲಿ ಮುಖ ತೋರಿಸುತ್ತೇವೆ ಎಂದಾಗ, ಶಬ್ದ ಕೇಳಿಸುವುದೂ ರೂಪ ತೋರಿಸುವುದೂ ದೇಶವ್ರತದಲ್ಲಿ ಅತಿಚಾರವೇ ಎಂದು ನಾನು ಆರಂಭಿಸಿದ್ದೆ. “ಅದು ನೀವು ತೋರಿಸಿದರೆ. ನಾವು ತೋರಿಸಿದರೆ ಅಲ್ಲ” ಎಂದು ನನ್ನಾಕೆ ಬಾಯಿ ಮುಚ್ಚಿಸಿದಳು. ವಾದದಲ್ಲಿ ಅವಳು ಇಷ್ಟು ಚುರುಕೆಂದು ಮೊದಲೇ ತಿಳಿದಿದ್ದರೆ ಸ್ವಾಧ್ಯಾಯಕ್ಕೆ ಜೊತೆ ಹುಡುಕಿಕೊಂಡು ಸಾಗರದವರೆಗೆ ಹೋಗಬೇಕಾಗಿರಲಿಲ್ಲ.

ಮಾಘ ಮಾಸದಲ್ಲಿ ಪ್ರಯಾಣ. ಮಗಳು ಜೊತೆಗೆ ಹೋಗುತ್ತಾಳೆ. ರಾತ್ರಿಭೋಜನವಿಲ್ಲ, ಕಂದಮೂಲವಿಲ್ಲ, ಬಡಿಸಿಕೊಂಡುದರಲ್ಲಿ ಒಂದು ಅಗುಳನ್ನೂ ಬಿಡುವುದಿಲ್ಲ, ಆ ದಿನಗಳಿಗೆ ಮೂರೇ ಸೀರೆ ಎಂದು ಅವಳೇ ಒಂದು ಹಾಳೆಯಲ್ಲಿ ಬರೆದು ದೇವರಕೋಣೆಯಲ್ಲಿಟ್ಟಿದ್ದಾಳೆ. ನಾನು ಹೇಳಿಕೊಟ್ಟುದಲ್ಲ. ಮೊನ್ನೆ ಸಂಜೆ ಅವಳೇ ಕೇಳಿದಳು: “ಮುಂಬಯಿ ಬಂದರಿನ ಕಟ್ಟೆಯವರೆಗೆ ನಿಮ್ಮ ಮೇರೆ ಇದೆಯಲ್ಲ, ಅಲ್ಲಿಯ ತನಕ ಬರುತ್ತೀರಾ?” ಬರುತ್ತೇನೆಂದೆ. ಹೊನ್ನಾವರಕ್ಕೆ ಇಳಿದು ಕೊಂಕಣ ರೈಲಿನಲ್ಲಿ ಹೋಗುವುದೆಂದು ಗೊತ್ತಾಗಿದೆ. ಮರಳಿ ಬರುವಾಗ ಗೇರುಸೊಪ್ಪೆಯ ಬಸದಿಯಲ್ಲಿ ಅಭಿಷೇಕ ಮಾಡಿಸಬೇಕಂತೆ. ಅದರ ಖರ್ಚು ಮಾತ್ರ ನನ್ನದು.