ಎದೆಯೊಳಗಿನ ಛತ್ರ

ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ‘ಗೊಮ್ಮಟಸಾರ’ ಎಂಬ ಜೈನ ಗ್ರಂಥ ರಚಿಸಿದರು. ಅದರ ಜೀವಕಾಂಡದಲ್ಲಿ ನಿಗೋದ ಜೀವಗಳ ವಿಚಾರ ಬರುತ್ತದೆ. ಕಣ್ಣಿಗೆ ಕಾಣದ, ಸ್ಪರ್ಶವೊಂದನ್ನೇ ಬಲ್ಲ ಇವು ಲೆಕ್ಕವಿಲ್ಲದಷ್ಟು ಸಂಖ್ಯೆಯಲ್ಲಿ ಒಂದೇ ಶರೀರವನ್ನು ಹಂಚಿಕೊಂಡಿರುತ್ತವೆ. ಅವುಗಳಿಗೆ ಆಹಾರವೂ ಒಂದೇ, ಉಸಿರೂ ಒಂದೇ. ನಿಗೋದವೆಂದರೆ ಬ್ಯಾಕ್ಟೀರಿಯಾ ಎಂದುಬಿಟ್ಟರೆ ಶಾಸ್ತ್ರಕ್ಕೂ ವಿಜ್ಞಾನಕ್ಕೂ ಅನ್ಯಾಯ. ಆದರೆ ಉಸಿರು ಒಬ್ಬರ ಸ್ವತ್ತೇ ಆಗಿರಬೇಕಿಲ್ಲ ಎಂಬ ಆ ಯೋಚನೆಗೆ ಸಾವಿರ ವರ್ಷ ತುಂಬಿದೆ.

ವೈದ್ಯರ ಪಠ್ಯಪುಸ್ತಕ ಬಹುಕಾಲ ಬೇರೆಯೇ ಹೇಳುತ್ತಿತ್ತು: ಆರೋಗ್ಯವಂತರ ಶ್ವಾಸಕೋಶದಲ್ಲಿ ಸೂಕ್ಷ್ಮಜೀವಿಗಳೇ ಇಲ್ಲ. 2007ರಲ್ಲಿ ಅಮೆರಿಕ ಮಾನವ ಮೈಕ್ರೋಬಯೋಮ್ ಯೋಜನೆ ಹಮ್ಮಿಕೊಂಡಾಗ ಬಾಯಿ, ಮೂಗು, ಚರ್ಮ, ಕರುಳು ಪಟ್ಟಿಯಲ್ಲಿದ್ದವು, ಶ್ವಾಸಕೋಶ ಇರಲಿಲ್ಲ. ತಟ್ಟೆಯಲ್ಲಿ ಬೆಳೆಸಿ ನೋಡುವ ಹಳೆಯ ಪರೀಕ್ಷೆಗೆ ಅಲ್ಲಿನ ಅನೇಕ ಬ್ಯಾಕ್ಟೀರಿಯಾಗಳು ಸಿಗುತ್ತಲೇ ಇರಲಿಲ್ಲ. 2010ರಲ್ಲಿ ಲಂಡನ್ನಿನ ಸಂಶೋಧಕರು ಅವುಗಳ ಡಿಎನ್‌ಎ ಓದಿದರು. ಆರೋಗ್ಯವಂತರ ಶ್ವಾಸನಾಳದಲ್ಲೂ ಜೀವಿಗಳಿದ್ದವು. ಅವರಲ್ಲಿ ಪ್ರೆವೊಟೆಲ್ಲಾ ಎಂಬ ಬ್ಯಾಕ್ಟೀರಿಯಾ ಹೆಚ್ಚು, ಉಬ್ಬಸದವರಲ್ಲಿ ಹಿಮೋಫಿಲಸ್ ಹೆಚ್ಚು.

ನಿದ್ದೆಯಲ್ಲಿ ಬಾಯಿಯ ಎಂಜಲು ಹನಿಯಾಗಿ ಒಳಗೆ ಜಾರುತ್ತದೆ, ಅದರೊಡನೆ ಬ್ಯಾಕ್ಟೀರಿಯಾಗಳೂ ಇಳಿಯುತ್ತವೆ. ಕೆಮ್ಮು ಮತ್ತು ಶ್ವಾಸನಾಳದ ನವಿರು ರೋಮಗಳು ಅವನ್ನು ಮತ್ತೆ ಮೇಲಕ್ಕೆ ದೂಡುತ್ತವೆ. ಆರೋಗ್ಯವಂತರ ಎದೆ ಒಂದು ಛತ್ರ: ಬರುವವರು ಬರುತ್ತಾರೆ, ಹೋಗುವವರು ಹೋಗುತ್ತಾರೆ. ಕಾಯಿಲೆ ಬಿದ್ದ ಎದೆಯಲ್ಲಿ ಕೆಲವರು ಬಿಡಾರ ಹೂಡುತ್ತಾರೆ. ಅವರು ನೆಲೆಯೂರಿದ್ದರಿಂದ ಕಾಯಿಲೆಯೋ, ಕಾಯಿಲೆಯಿಂದ ನೆಲೆ ಸಿಕ್ಕಿತೋ? ಸಂಶೋಧನೆಯ ಕಠಿಣ ಗಂಟು ಇದೇ.

ಹಾಗಾದರೆ ಅವನ್ನು ಕೊಲ್ಲಬಹುದೇ? ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಯವರ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ವರ್ಷ ದಿನವೂ 250 ಮಿಲಿಗ್ರಾಂ ಅಜಿತ್ರೊಮೈಸಿನ್ ಎಂಬ ಆ್ಯಂಟಿಬಯಾಟಿಕ್ ನುಂಗಿದವರಿಗೆ ರೋಗ ಉಲ್ಬಣಿಸುವುದು ಕಡಿಮೆಯಾಯಿತು. ಕೆಲವರ ಶ್ರವಣಶಕ್ತಿ ಕುಗ್ಗಿತು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳೂ ಮೂಗು–ಗಂಟಲಲ್ಲಿ ಕಾಣಿಸಿಕೊಂಡವು.

ಇಲ್ಲಿ ‘ತತ್ತ್ವಾರ್ಥಸೂತ್ರ’ ನೆರವಿಗೆ ಬರುತ್ತದೆ. ಪ್ರಾಣ ಹೋಯಿತೆಂಬಷ್ಟಕ್ಕೇ ಅದರ ಕರ್ತೃ ಉಮಾಸ್ವಾಮಿ ಅದನ್ನು ಹಿಂಸೆ ಎನ್ನುವುದಿಲ್ಲ. ಪ್ರಮಾದದಿಂದ, ಎಂದರೆ ಎಚ್ಚರಗೇಡಿತನದಿಂದ, ಪ್ರಾಣ ತೆಗೆಯುವುದು ಹಿಂಸೆ. ದಿಗಂಬರ ಮುನಿ ಕೂರುವ ಮುನ್ನ ನವಿಲುಗರಿಯ ಪಿಂಛಿಯಿಂದ ನೆಲ ಸವರುವುದು ಆ ಎಚ್ಚರಕ್ಕೆ. ಅದೇ ಮುನಿಯ ಎದೆಯೊಳಗಿನ ರೋಮಗಳು ದೂಡಿದ ಜೀವಿಗಳು ಎಂಜಲಿನೊಡನೆ ಹೊಟ್ಟೆಗಿಳಿದು ಜಠರದ ಆಮ್ಲದಲ್ಲಿ ಸಾಯುತ್ತವೆ. ಅದರಲ್ಲಿ ಪ್ರಮಾದವಿಲ್ಲ. ನ್ಯುಮೋನಿಯಾದಿಂದ ಏದುಸಿರು ಬಿಡುವ ಮಗುವಿಗೆ ವೈದ್ಯರು ಅಳೆದು ಕೊಡುವ ಆ್ಯಂಟಿಬಯಾಟಿಕ್‌ನಲ್ಲೂ ಇಲ್ಲ. ವೈರಸ್ಸಿನಿಂದ ಬಂದ ಸಾಮಾನ್ಯ ನೆಗಡಿಗೆ ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಂಡು, ಎರಡು ದಿನ ನುಂಗಿ ಬಿಟ್ಟ ಅಜಿತ್ರೊಮೈಸಿನ್‌ನಲ್ಲಿ ಇದೆ.