ಒಂದು ಸೌಟು ಅನ್ನ ಹೆಚ್ಚಾದರೆ ಶೀಲ ತಪ್ಪಿತೇ?

 

ಕಳೆದ ಭಾನುವಾರ ವಂದನೆ ಮುಗಿದ ಮೇಲೆ, ಮಣಿಪಾಲದಲ್ಲಿ ಕೆಲಸ ಮಾಡುವ ನಮ್ಮ ತಂಗಿಯೊಬ್ಬಳು ಕೇಳಿದ ಪ್ರಶ್ನೆಯನ್ನೇ ಇವತ್ತಿನ ಚಿಂತನೆಗೆ ತೆಗೆದುಕೊಂಡಿದ್ದೇನೆ. ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಬೇಡ. ಅವಳ ಮೊಬೈಲಿನ ಆಪ್‌ನಲ್ಲಿ ದಿನಕ್ಕೆ 1200 ಕ್ಯಾಲೊರಿ ಎಂದು ಗುರಿ ಹಾಕಿದೆ. ದಾಟಿದರೆ ಅಂಕಿ ಕೆಂಪಾಗುತ್ತದೆ. ಕೆಂಪಾದ ದಿನ ಅವಳಿಗೆ ನಿದ್ದೆ ಇಲ್ಲ, ಮರುದಿನ ಬೆಳಗಿನ ತಿಂಡಿ ಇಲ್ಲ. ಕಾರ್ಕಳದ ಚಿಕ್ಕಮ್ಮನ ಮನೆಗೆ ಹೋಗುವುದನ್ನೇ ಬಿಟ್ಟಿದ್ದಾಳೆ. ಅಲ್ಲಿ ಕೋರಿ ರೊಟ್ಟಿ ಮಾಡಿ ಬಡಿಸುತ್ತಾರೆ, ಆ ಸಾರಿನ ಲೆಕ್ಕ ಆಪ್‌ಗೆ ಹೇಗೆ ಹಾಕುವುದು! ಅವಳು ಕೇಳಿದ್ದು ಇಷ್ಟು: "ಅಕ್ಕ, ಊಟದಲ್ಲಿ ಮಿತಿ ಇರಬೇಕು ಅಂತ ಭಗವಾನರೇ ಹೇಳಿದ್ದಾರಲ್ಲ? ಹಾಗಾದ್ರೆ ಮಿತಿ ದಾಟಿದ ನಾನು ಶೀಲ ತಪ್ಪಿದ ಹಾಗಲ್ವಾ?"

ಒಂದಿಬ್ಬರು ನಕ್ಕರು. ನನಗೆ ನಗು ಬರಲಿಲ್ಲ. ಹುಡುಗಿ ಸೊರಗಿರುವುದು ಕಣ್ಣಿಗೆ ಕಾಣುತ್ತಿತ್ತು.

ಪಂಚಶೀಲವನ್ನು ಒಂದೊಂದಾಗಿ ನೋಡಿ. ಕೊಲ್ಲುವುದು, ಕದಿಯುವುದು, ಕಾಮದಲ್ಲಿ ತಪ್ಪುವುದು, ಸುಳ್ಳು, ಮದ್ಯ. ಬಾಬಾಸಾಹೇಬರು 1956ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಕೊಟ್ಟ 22 ಪ್ರತಿಜ್ಞೆಗಳಲ್ಲೂ ಕುಡಿತ ಬೇಡ ಎಂದಿದೆ. ಅನ್ನ ಎಷ್ಟು ಎಂಬ ಲೆಕ್ಕ ಎಲ್ಲೂ ಇಲ್ಲ. ಹಸಿದು ಬಂದು ಒಂದು ಸೌಟು ಕುಚ್ಚಲಕ್ಕಿ ಅನ್ನ ಹೆಚ್ಚು ಉಂಡರೆ ಯಾರಿಗೆ ಹಿಂಸೆ ಆಯಿತು, ಯಾರದ್ದನ್ನು ಕದ್ದ ಹಾಗಾಯಿತು? ತಪ್ಪು ಮಾಡಲು ನಾಚುವ, ಅದರ ಫಲಕ್ಕೆ ಅಂಜುವ ಗುಣಕ್ಕೆ ಧಮ್ಮದಲ್ಲಿ ಹಿರಿ, ಒತ್ತಪ್ಪ ಎಂಬ ಹೆಸರಿದೆ, ಅದು ಒಳ್ಳೆಯದು. ಆದರೆ ಕುಕ್ಕುಚ್ಚ ಎಂಬ ಇನ್ನೊಂದು ಮಾತೂ ಇದೆ: ಆದದ್ದನ್ನೇ ಮತ್ತೆ ಮತ್ತೆ ಕೆದಕಿ ಕೊರಗುವುದು. ಅದನ್ನು ಚಂಚಲತೆಯ ಜೊತೆ ಸೇರಿಸಿ, ಮನಸ್ಸಿಗೆ ಅಡ್ಡ ನಿಲ್ಲುವ ಐದು ನೀವರಣಗಳಲ್ಲಿ ನಾಲ್ಕನೆಯದಾಗಿ ಎಣಿಸಿದ್ದಾರೆ. ತಂಗಿ ಶೀಲ ಅಂದುಕೊಂಡದ್ದು ಈ ನೀವರಣವನ್ನೇ.

ಹಾಗಾದರೆ ಮಿತಿಯ ಮಾತು? ಇದೆ. ಕೋಸಲದ ರಾಜ ಪಸೇನದಿ ದೊಡ್ಡ ಅಳತೆಯ ಅನ್ನ ಉಂಡು, ಏದುಸಿರು ಬಿಡುತ್ತಾ ಭಗವಾನರ ಹತ್ತಿರ ಬಂದ ಕಥೆ ಸಂಯುತ್ತ ನಿಕಾಯದಲ್ಲಿದೆ. ಬುದ್ಧರು ಹೇಳಿದ ಗಾಥೆಯನ್ನು ಸುದರ್ಶನನೆಂಬ ತರುಣ ಕಲಿತು ರಾಜನ ಊಟದ ಹೊತ್ತಿಗೆ ಹೇಳುತ್ತಿದ್ದ. ಅದಕ್ಕೆ ದಿನಕ್ಕೆ ನೂರು ಕಹಾಪಣ ಸಂಬಳ! (ಆಗಿನ ಕಾಲದ ಆಪ್ ಅನ್ನಬಹುದು, ಚಂದಾ ಸ್ವಲ್ಪ ದುಬಾರಿ.) ರಾಜ ಮೆಲ್ಲಮೆಲ್ಲನೆ ಅಳತೆ ಇಳಿಸಿದ, ಮೈ ಹಗುರಾಯಿತು, ಸಂತೋಷಪಟ್ಟ. ಆ ಮಿತಿ ಹುಟ್ಟಿದ್ದು ಅವನ ಏದುಸಿರಿನಿಂದ, ಮುಗಿದದ್ದು ನೆಮ್ಮದಿಯಲ್ಲಿ. ಬಾಬಾಸಾಹೇಬರಿಗೂ ಸಕ್ಕರೆ ಕಾಯಿಲೆ ಇತ್ತು, ವೈದ್ಯೆಯಾಗಿದ್ದ ಮಾಯಿಸಾಹೇಬರು ಅವರ ಪಥ್ಯ ನೋಡಿಕೊಳ್ಳುತ್ತಿದ್ದರು. ನಮ್ಮಲ್ಲಿ ಸಕ್ಕರೆ ಕಾಯಿಲೆ ಇರುವವರು ಡಾಕ್ಟರು ಹೇಳಿದ ಪಥ್ಯ ಖಂಡಿತ ಪಾಲಿಸಿ. ಪಥ್ಯ ಒಂದು ಹೊತ್ತು ತಪ್ಪಿದರೆ ಮುಂದಿನ ಹೊತ್ತು ಸರಿಮಾಡಿಕೊಂಡರಾಯಿತು, ಅದಕ್ಕೆ ತನಗೆ ತಾನೇ ಉಪವಾಸದ ಶಿಕ್ಷೆ ಕೊಡಬೇಕಾಗಿಲ್ಲ. ಉಪವಾಸದಿಂದ ಏನೂ ಸಿಗದು ಎಂದು ಸಿದ್ಧಾರ್ಥರೇ ಬೆನ್ನೆಲುಬು ಹೊಟ್ಟೆಗೆ ಅಂಟುವ ತನಕ ನೋಡಿದ್ದಾರೆ. ಮತ್ತೆ ಉಂಡಾಗ ಐದು ಜನ ಸಂಗಾತಿಗಳು ಭೋಗಕ್ಕೆ ಬಿದ್ದ ಎಂದು ಬಿಟ್ಟುಹೋದರು. ಅವರು ಕೊರಗಲಿಲ್ಲ.

ಇನ್ನು ಈ ಅಂಕಿಯ ಮಾತು. 1979ರಲ್ಲಿ ಯೋಜನಾ ಆಯೋಗದ ಕಾರ್ಯಪಡೆ ಬಡತನದ ರೇಖೆ ಎಳೆಯಲು ಹಳ್ಳಿಗೆ 2400, ಪೇಟೆಗೆ 2100 ಕ್ಯಾಲೊರಿ ಎಂದು ಲೆಕ್ಕ ಹಿಡಿಯಿತು. ಅಷ್ಟು ಮುಟ್ಟದವರೆಂದರೆ ನಮ್ಮ ಅಜ್ಜಿಯಂದಿರು. ಆಟಿ ತಿಂಗಳಲ್ಲಿ ಮಳೆ ಹಿಡಿದು ಕೂಲಿ ನಿಂತರೆ ತಜಂಕ್ ಸೊಪ್ಪು, ಕೆಸು, ಹಲಸಿನ ಬೀಜ. ಈಗ ಅದೇ ಅಡುಗೆಯನ್ನು 'ಆಟಿಡೊಂಜಿ ದಿನ' ಎಂದು ಹಾಲ್‌ನಲ್ಲಿ ಬಡಿಸುತ್ತಾರೆ, ಸಂತೋಷ. ಆದರೆ ಅದು ಹಸಿವಿನ ಅಡುಗೆ ಎಂದು ಯಾರಾದರೂ ಮೈಕಿನಲ್ಲಿ ಹೇಳಬೇಕಲ್ಲ. ಎಂಜಲಿಗೆ, ಸತ್ತ ದನದ ಮಾಂಸಕ್ಕೆ ಕೈಚಾಚುವುದನ್ನು ಬಿಡಿ ಎಂದು 1927ರ ಮಾರ್ಚ್‌ನಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಕೇಳಿಕೊಂಡರು. ನಮ್ಮ ಜಿಲ್ಲೆಯ ಕೊರಗ ಬಂಧುಗಳಿಗೆ ಕೂದಲು, ಉಗುರು ಬೆರೆಸಿದ ಅನ್ನ ಕೊಡುವ ಅಜಲು ಪದ್ಧತಿಯನ್ನು ನಿಷೇಧಿಸಲು 2000ನೇ ಇಸವಿಯಲ್ಲಿ ಕಾನೂನೇ ಬೇಕಾಯಿತು. ನಮ್ಮ ತಟ್ಟೆಯ ಮೇಲೆ ಇನ್ನೊಬ್ಬರ ಕಣ್ಣು ಕಾವಲಿದ್ದ ಕಾಲ ಅದು. ಆ ತಟ್ಟೆಗೆ ನಮ್ಮ ಮಗಳು ಈಗ ತಾನಾಗಿ ಒಂದು ಕಾವಲು ಕೂರಿಸಿಕೊಂಡಿದ್ದಾಳೆ ಎಂಬುದು ನನಗೆ ಬಹಳ ನೋವಿನ ಸಂಗತಿ.

ಅಂಕಿಯನ್ನೇ ನಂಬುವವರಿಗೆ ಅಂಕಿಯಲ್ಲೇ ಹೇಳುತ್ತೇನೆ. ಐಸಿಎಂಆರ್ 2020ರ ಪಟ್ಟಿ ಪ್ರಕಾರ, ಕೂತು ಕೆಲಸ ಮಾಡುವ 55 ಕಿಲೋ ತೂಕದ ಹೆಂಗಸಿಗೂ ದಿನಕ್ಕೆ 1660 ಕ್ಯಾಲೊರಿ ಬೇಕು. 1944-45ರಲ್ಲಿ ಅಮೆರಿಕದ ಮಿನೆಸೋಟದಲ್ಲಿ 36 ಆರೋಗ್ಯವಂತ ಗಂಡಸರಿಗೆ ಆರು ತಿಂಗಳ ಕಾಲ ಸುಮಾರು 1570 ಕ್ಯಾಲೊರಿಯಷ್ಟೇ ಕೊಟ್ಟು ನೋಡಿದರು. ಅವರಿಗೆ ಅನ್ನದ್ದೇ ಧ್ಯಾನ, ಅನ್ನದ್ದೇ ಕನಸು. ಕೆಲವರು ಅಡುಗೆ ಪುಸ್ತಕ ಕೂಡಿಸತೊಡಗಿದರು. ಆ ಪ್ರಯೋಗಕ್ಕೆ ಇಟ್ಟ ಹೆಸರೇ ಹಸಿವಿನ ಪ್ರಯೋಗ. ತಂಗಿಯ ಗುರಿ ಅದಕ್ಕಿಂತಲೂ ಕಡಿಮೆ. ರಾತ್ರಿಯಿಡೀ ಊಟದ್ದೇ ಯೋಚನೆ ಬರುವುದು ಅವಳ ಮನಸ್ಸಿನ ದೌರ್ಬಲ್ಯ ಅಲ್ಲ, ದೇಹ ಹಸಿದು ಕೂಗುತ್ತಿದೆ.

ಮನೆಯಲ್ಲಿ ಯಾರಾದರೂ ಹೀಗೆ ಊಟ ಬಿಡುತ್ತಾ, ತೂಕ ಇಳಿಯುತ್ತಾ, ಮುಟ್ಟು ನಿಲ್ಲುವ ಮಟ್ಟಕ್ಕೆ ಬಂದರೆ ಉಪದೇಶ ಮಾಡುತ್ತಾ ಕೂರಬೇಡಿ. ಅಜ್ಜರಕಾಡಿನ ಸರಕಾರಿ ಆಸ್ಪತ್ರೆ ಇದೆ. ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ತಂಗಿ ಡಾಕ್ಟರ ಹತ್ತಿರ ಹೋಗಲು ಒಪ್ಪಿದ್ದಾಳೆ, ಜೊತೆಗೆ ನಾನು ಹೋಗುತ್ತೇನೆ.

ಆಳವಿ ಎಂಬ ಊರಿನಲ್ಲಿ, ಕಳೆದುಹೋದ ಎತ್ತನ್ನು ಹುಡುಕಿ ಸುಸ್ತಾದ ರೈತನೊಬ್ಬ ಧಮ್ಮ ಕೇಳಲು ತಡವಾಗಿ ಬಂದ. ಬುದ್ಧರು ಕಾದಿದ್ದು, ಉಳಿದ ಅನ್ನ ಇದೆಯೇ ಎಂದು ವಿಚಾರಿಸಿ, ಮೊದಲು ಅವನಿಗೆ ಬಡಿಸಿದರು. ಅವನು ಉಂಡ ಮೇಲೆಯೇ ಉಪದೇಶ ಶುರುವಾದದ್ದು.

ಈ ಭಾನುವಾರದಿಂದ ನಮ್ಮಲ್ಲೂ ಊಟ ಮೊದಲು, ಪಾಠ ಆಮೇಲೆ. ಗಂಜಿ, ಹುರುಳಿ ಚಟ್ನಿ ಕಾಪುವಿನವರದ್ದು. ತಟ್ಟೆ ನೀವೇ ತನ್ನಿ.